ವಾಚನಾಲಯ ಗುಡಿಸಿದವಳು

ಆ ಹನ್ನೊಂದು ಹಾಳೆಗಳಲ್ಲಿ ನಿಜವಾಗಿ ಏನಿತ್ತೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದವಳ ಹಾಗೆ ಓದಿದೆ — ಕಣ್ಣು ಮಂಜಾದ ಒಬ್ಬ ಹಿರಿಯರ ಎದುರು ಕೂತು, ಗಂಟಲು ಸರಿಮಾಡಿಕೊಂಡು, ಇಲ್ಲದ ಹಾಳೆಗಳನ್ನು ಮಗುಚಿ ಮಗುಚಿ ಓದಿದೆ. ಅವರು ನಂಬಿದರು. ನಂಬಿದ್ದು ಅವರ ಪುಸ್ತಕದಲ್ಲಿ ಅಚ್ಚಾಯಿತು. ಅಚ್ಚಾದದ್ದು ಈಗ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಗೋಡೆಯ ಮೇಲೆ ಫಲಕವಾಗಿ ಕೂತಿದೆ. ಆರು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಈ ಭಾನುವಾರ ಗೊತ್ತಾಗುತ್ತದೆ. ಇವತ್ತು ಶುಕ್ರವಾರ.

ಇದನ್ನು ನಾನು ಇಂಗ್ಲಿಷಿನಲ್ಲಿ ಬರೆಯಬೇಕು. ಬೆಳಿಗ್ಗೆಯಿಂದ ಕೂತಿದ್ದೇನೆ, ಕೈ ಓಡುತ್ತಿಲ್ಲ. ಹತ್ತೊಂಬತ್ತು ವರ್ಷ ಇಂಗ್ಲಿಷಿನಲ್ಲೇ ಪತ್ರ ಟೈಪ್ ಮಾಡಿ ಹೊಟ್ಟೆ ಹೊರೆದವಳು ನಾನು. ಆದರೆ ಅವೆಲ್ಲ ಬೇರೆಯವರು ಹೇಳಿ ಬರೆಸಿದ ಪತ್ರಗಳು. ತಪ್ಪೊಪ್ಪಿಕೊಳ್ಳುವ ಪತ್ರವನ್ನು ಯಾರೂ ನನ್ನಿಂದ ಬರೆಸಲಿಲ್ಲ. ಅದಕ್ಕೇ ಮೊದಲು ಕನ್ನಡದಲ್ಲಿ, ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ. ನಿಮ್ಮ ಮುಂದೆ ಹೇಳಲಾಗದಿದ್ದರೆ ಅವರ ಮುಂದೆ ಹೇಗೆ ಹೇಳಲಿ —

ನನ್ನ ಹೆಸರು ವಾರಿಜಾ. ಮುಲ್ಕಿ ಕಡೆಯವಳು. ಗಲ್ಫ್‌ನ ಈ ದ್ವೀಪದಲ್ಲಿ, ಹೂರಾ ಎಂಬ ಕಡೆ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಗಂಡ ಸದಾನಂದ ಸನದ್‌ನಲ್ಲಿ ಒಂದು ಗೋದಾಮು ನೋಡಿಕೊಳ್ಳುತ್ತಾರೆ. ನಾನು ಕೆಲಸ ಮಾಡುವುದು ಮಿಸ್ಟರ್ ಆರ್ಥರ್ ಅವರ ಬಳಿ. ಇಲ್ಲಿ ಹೆಸರಿನ ಮೊದಲು ಮಿಸ್ಟರ್ ಸೇರಿಸಿಯೇ ಕರೆಯುವುದು, ಅದೇ ಗೌರವ. ಹಡಗುಗಳ ಸರ್ವೆ ಮಾಡುವ ಸಣ್ಣ ಕಂಪನಿ ಅವರದು. ಈಗ ಎಂಬತ್ತಾರು ವಯಸ್ಸು. ಕಂಪನಿ ಹೆಸರಿಗಷ್ಟೇ ಉಳಿದಿದೆ, ಅದರ ಹೆಸರಿನಲ್ಲಿ ನನ್ನ ವೀಸಾ ಉಳಿದಿದೆ. ರಿಫಾದ ಅವರ ವಿಲ್ಲಾಕ್ಕೆ ಹೋಗಿ ಪತ್ರಿಕೆ ಓದಿ ಹೇಳುವುದು, ಬಂದ ಪತ್ರ ಓದುವುದು, ಹೇಳಿದ್ದನ್ನು ಟೈಪ್ ಮಾಡುವುದು — ಹತ್ತು ವರ್ಷದಿಂದ ಇದೇ ನನ್ನ ಕೆಲಸ. ಅವರ ಕಣ್ಣಿನ ನಡುಭಾಗ ಸವೆದುಹೋಗಿದೆ. ಎದುರಿಗೆ ಕೂತವರ ತಲೆಗೂದಲು, ಭುಜ ಕಾಣುತ್ತದಂತೆ, ಮುಖ ಕಾಣುವುದಿಲ್ಲ. ಅಕ್ಷರವಂತೂ ಇಲ್ಲವೇ ಇಲ್ಲ.

ಅವರಿಗೆ ಒಂದೇ ಹುಚ್ಚು. ಇಂಗ್ಲೆಂಡಿನ ಹಳ್ಳಿಗಳಲ್ಲಿ ನೂರು ವರ್ಷಕ್ಕೂ ಹಿಂದೆ ಇದ್ದ ವಾಚನಾಲಯಗಳ ಚರಿತ್ರೆ ಬರೆಯಬೇಕು. ಅವರ ಅಜ್ಜನ ಹಳ್ಳಿಯಲ್ಲೂ ಒಂದಿತ್ತು, ಒಂದೇ ಕೋಣೆಯದು. ಅದರ ಸಮಿತಿಯ ನಡಾವಳಿ ಪುಸ್ತಕ, ಚರ್ಮದ ರಟ್ಟಿನದು, ಅಪ್ಪನಿಂದ ಇವರ ಕೈಗೆ ಬಂದಿತ್ತು. ಅದಕ್ಕೆ ಇನ್ನೊಂದು ಪ್ರತಿ ಇಲ್ಲ. ಅದನ್ನು ನಾನು ಓದಿ ಹೇಳಬೇಕು, ಟೈಪ್ ಮಾಡಬೇಕು. ಉಳಿದ ಹಳ್ಳಿಗಳ ಕಾಗದಪತ್ರ ಅವರು ಮೊದಲೇ ಸಂಗ್ರಹಿಸಿಟ್ಟಿದ್ದರು.

ಮೊದಮೊದಲು ನನಗೆ ಬೇಸರ. ಆಮೇಲೆ, ಸುಳ್ಳು ಯಾಕೆ, ರುಚಿ ಹತ್ತಿತು. ಊರಿನ ಜಮೀನುದಾರರು, ಪಾದ್ರಿಗಳು ಸೇರಿ ಇಂಥ ಕೋಣೆ ಕಟ್ಟಿಸುತ್ತಿದ್ದದ್ದು ಯಾಕೆಂದರೆ, ಹೊಲದ ಆಳುಗಳು ಸಂಜೆಯಾದರೆ ಹೆಂಡದ ಅಂಗಡಿಗೆ ಹೋಗಬಾರದು. ಬೆಂಕಿ ಕಾಯಿಸಿಕೊಳ್ಳಲಿ, ಕಾಫಿ ಕುಡಿಯಲಿ, ಪತ್ರಿಕೆ ಓದಲಿ. ಕುಡುಕರನ್ನು ಓದಿಸಿ ಸರಿಮಾಡುತ್ತೇವೆ ಎಂಬ ಆ ದೊಡ್ಡವರ ಧೈರ್ಯಕ್ಕೆ ನಾನು ಒಳಗೊಳಗೇ ನಕ್ಕಿದ್ದೇನೆ. ಜೂಜಾಡಬಾರದು, ಬಯ್ಯಬಾರದು, ಬೂಟಿನ ಕೆಸರು ಒರೆಸದೆ ಒಳಗೆ ಬರಬಾರದು. ಓದಲು ಬಾರದವರಿಗೆ ಬಂದವರು ಗಟ್ಟಿಯಾಗಿ ಓದಿ ಹೇಳುವುದು. ಪತ್ರಿಕೆಯಲ್ಲಿ ಕುದುರೆ ರೇಸಿನ ಸುದ್ದಿ ಬಂದರೆ ಯಾರೂ ಪಣ ಕಟ್ಟದಿರಲೆಂದು ಕಾರ್ಯದರ್ಶಿ ಅದರ ಮೇಲೆ ಮಸಿ ಬಳಿದು ಮೇಜಿನ ಮೇಲಿಡುತ್ತಿದ್ದನಂತೆ. ಮತ್ತೆ ಹೆಂಗಸರು — ಆ ಹಳ್ಳಿಯ ಕೋಣೆಗೆ ಹೆಂಗಸರು ಬರುವಂತಿರಲಿಲ್ಲ. ಒಬ್ಬಳನ್ನು ಬಿಟ್ಟು. ಅವಳ ಹೆಸರು ಹ್ಯಾನಾ. ಬೆಂಕಿ ಹೊತ್ತಿಸುವವಳು, ನೆಲ ಗುಡಿಸುವವಳು. ನಾನು ಓದಿದಷ್ಟರಲ್ಲಿ ಅವಳ ಬಗ್ಗೆ ಇದ್ದದ್ದು ಎರಡೇ ಸಾಲು.

“ಈ ಪುಸ್ತಕ ಈ ಮನೆಯ ಬಾಗಿಲು ದಾಟಬಾರದು ವಾರಿಜಾ” ಎಂದು ಮಿಸ್ಟರ್ ಆರ್ಥರ್ ಮೊದಲ ದಿನವೇ ಹೇಳಿದ್ದರು.

ನಾನು ದಾಟಿಸಿದೆ. ಆಗಸ್ಟ್ ತಿಂಗಳು, ರಜೆಗೆ ಊರಿಗೆ ಹೋಗಲು ಎರಡು ವಾರ ಇತ್ತು, ಉಳಿದದ್ದು ಕಡೆಯ ಕೆಲವು ಹಾಳೆ. ಮನೆಯಲ್ಲಿ ಕೂತು ಟೈಪ್ ಮಾಡಿದರೆ ಹೋಗುವ ಮೊದಲು ಮುಗಿಯುತ್ತದೆ, ನಾಳೆ ಬೆಳಿಗ್ಗೆ ವಾಪಸ್ ಇಟ್ಟರೆ ಅವರಿಗೇನು ಗೊತ್ತಾಗುತ್ತದೆ — ಹೀಗೆ ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ. ಕಣ್ಣು ಕಾಣದವರಿಗೆ ಗೊತ್ತಾಗುವುದಿಲ್ಲ ಎಂಬ ಮಾತು ನನ್ನ ತಲೆಗೆ ಮೊದಲು ಬಂದದ್ದು ಆವತ್ತೇ. ಮುಂದಿನದಕ್ಕೆಲ್ಲ ಅದೇ ದಾರಿಯಾಯಿತು.

ಪುಸ್ತಕವನ್ನು ಕಿಟಕಿಯ ಕೆಳಗಿನ ಮೇಜಿನ ಮೇಲೆ, ಕಡೆಯ ಹಾಳೆಗಳು ಮೇಲಾಗುವಂತೆ ತೆರೆದಿಟ್ಟು, ಗೆಳತಿಯ ಮನೆಯ ಪೂಜೆಗೆ ಹೋದೆ. ಆ ತಿಂಗಳಲ್ಲಿ ಇಲ್ಲಿ ಗಾಳಿಯೇ ನೀರು. ಕಿಟಕಿಯ ಎಸಿಯ ನೀರು ಹೋಗುವ ಪೈಪು ಕಟ್ಟಿಕೊಂಡು, ನೀರು ಒಳಗಡೆಗೆ ಸುರಿದಿತ್ತು. ಬಾಗಿಲು ತೆರೆದಾಗ ಮೊದಲು ಕೇಳಿದ್ದು ತೊಟ್ಟಿಕ್ಕುವ ಸದ್ದು. ನೋಡುವ ಮೊದಲೇ ನನಗೆ ಗೊತ್ತಾಗಿತ್ತು. ಹಳೆಯ ಮಸಿ ನೀರಿಗೆ ಬಿಟ್ಟುಕೊಂಡು ಚಹಾದ ಬಣ್ಣವಾಗಿತ್ತು. ಆದರೂ ಅಲ್ಲೊಂದು ಅಕ್ಷರ, ಇಲ್ಲೊಂದು ಸಾಲು ಇನ್ನೂ ಕಾಣುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ತಿಳಿದವರು ಯಾರಾದರೂ ಏನಾದರೂ ಉಳಿಸುತ್ತಿದ್ದರೋ ಏನೋ. ನಾನು ಇಸ್ತ್ರಿಪೆಟ್ಟಿಗೆ ತಂದೆ. ಒದ್ದೆ ಯೂನಿಫಾರ್ಮ್ ಒಣಗಿಸುವ ಹಾಗೆ ಹಾಳೆಗಳ ಮೇಲೆ ಒತ್ತಿದೆ. ಹನ್ನೊಂದೂ ಒಂದಕ್ಕೊಂದು ಅಂಟಿ, ಕಂದಿ, ಮುಟ್ಟಿದರೆ ಉದುರುವ ಮುದ್ದೆಯಾದವು. ನೀರು ಅರ್ಧ ಕೊಂದದ್ದನ್ನು ನಾನು ಪೂರ್ತಿ ಕೊಂದೆ.

ಆಗ ಸದಾನಂದರಿಗೆ ಕೆಲಸ ಹೋಗಿ ನಾಲ್ಕು ತಿಂಗಳು. ಮಗಳು ಹತ್ತನೆಯ ಕ್ಲಾಸು. ನನ್ನ ವೀಸಾ ರಿನ್ಯೂ ಆಗಬೇಕಿತ್ತು; ಅದರ ನೆರಳಿನಲ್ಲೇ ಮೂವರೂ ಇದ್ದೆವು. ಅಳುತ್ತಾ ಕೂತಿದ್ದ ನನಗೆ ಅವರು ಹೇಳಿದರು:

“ನೂರು ವರ್ಷದ ಹಳೆ ಕಾಗದ ಮಾರಾಯ್ತಿ. ಅದು ಯಾರಿಗೆ ಬೇಕು? ನೀನೇ ಎಂತಾದರೂ ಬರೆದು ಸೇರಿಸು. ವೀಸಾ ಆಗುವವರೆಗೆ ಬಾಯಿ ಮುಚ್ಚಿಕೊಂಡಿರು.”

ಅವರ ಮೇಲೆ ಹಾಕುವುದಿಲ್ಲ. ಅವರು ಹೇಳಿದರು, ಮಾಡಿದವಳು ನಾನು. ಮತ್ತೆ ಇದನ್ನೂ ಹೇಳಬೇಕು — ಮಿಸ್ಟರ್ ಆರ್ಥರ್ ತಪ್ಪಿಗೆ ಸಿಟ್ಟಾಗುವವರಲ್ಲ. ಒಮ್ಮೆ ಒಬ್ಬ ಡ್ರಾಫ್ಟ್ಸ್‌ಮನ್ ದೊಡ್ಡ ನಕ್ಷೆಯೊಂದನ್ನು ಹಾಳುಮಾಡಿದಾಗ ಏನೂ ಅನ್ನಲಿಲ್ಲ. ಅದನ್ನು ಕೊರಿಯರ್‌ನವನು ಹಾಳುಮಾಡಿದ ಎಂದು ಅವನು ಸುಳ್ಳು ಹೇಳಿದ್ದು ತಿಳಿದಾಗ ಒಂದು ವಾರದಲ್ಲಿ ಊರಿಗೆ ಕಳಿಸಿದರು. ಅದನ್ನು ಕಣ್ಣಾರೆ ಕಂಡವಳು ನಾನು. ಆ ಡ್ರಾಫ್ಟ್ಸ್‌ಮನ್‌ನ ಟಿಕೆಟು ಬುಕ್ ಮಾಡಿದವಳೂ ನಾನೇ.

ಮುದ್ದೆಯನ್ನು ಪುಸ್ತಕದಿಂದ ಬಿಡಿಸಿ ಬಿಸ್ಕೆಟಿನ ತಗಡಿನ ಡಬ್ಬಿಯಲ್ಲಿ ಹಾಕಿಟ್ಟೆ. ಎಸೆಯಲು ಹೆದರಿಕೆ, ಇಟ್ಟುಕೊಳ್ಳಲೂ ಹೆದರಿಕೆ. ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಎರಡು ದಿನ ಕೂತು ಹನ್ನೊಂದು ಹಾಳೆಯ ನಡಾವಳಿ ಬರೆದೆ. ಆ ಹೊತ್ತಿಗೆ ನಾನು ಆ ಕಾರ್ಯದರ್ಶಿಯ ಶೈಲಿಯನ್ನು ಅರೆದು ಕುಡಿದಿದ್ದೆ. ಕಲ್ಲಿದ್ದಲು ಮುಗಿದಿದೆ, ತರಿಸತಕ್ಕದ್ದು. ದೀಪದ ಗಾಜು ಒಡೆದಿದೆ, ಹಾಕಿಸತಕ್ಕದ್ದು. ಒಬ್ಬ ಸದಸ್ಯ ನಾಯಿಯನ್ನು ಒಳಗೆ ತಂದ, ಎಚ್ಚರಿಕೆ ಕೊಡತಕ್ಕದ್ದು. ಯಾರಿಗೂ ನೋವಾಗದ, ಯಾರ ಗಮನಕ್ಕೂ ಬಾರದ ಸುಳ್ಳುಗಳು. ಅಷ್ಟೇ ಸಾಕು ಅಂದುಕೊಂಡಿದ್ದೆ.

ರಿಫಾದಲ್ಲಿ ಅವರ ಎದುರು ಕೂತು ಓದಿದೆ. ರಟ್ಟಿನ ಪುಸ್ತಕ ತೊಡೆಯ ಮೇಲೆ, ಅದರೊಳಗೆ ನನ್ನ ನೋಟ್‌ಬುಕ್ಕು. ಕಾಗದ ಮಗುಚುವ ಸದ್ದು ಬೇರೆಯಾಗುತ್ತದೆಂದು ಹೆದರಿ, ಪ್ರತಿ ಸಲ ಹಳೆಯ ಹಾಳೆಯೊಂದನ್ನೂ ಜೊತೆಗೆ ಮಗುಚಿದೆ — ಅಷ್ಟು ಜಾಣತನ ಇತ್ತು ನನಗೆ. ಮುಗಿಯುತ್ತಾ ಬಂದಾಗ ಅವರು ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟರು.

“ಇಷ್ಟೇನಾ? ನನ್ನ ಹಳ್ಳಿಯವರು ಕಲ್ಲಿದ್ದಲು ಬಿಟ್ಟು ಬೇರೇನನ್ನೂ ಯೋಚಿಸಲೇ ಇಲ್ಲವೇ?”

ಆಗ ನನ್ನ ಬಾಯಿಂದ ಬಂತು. ನೋಟ್‌ಬುಕ್ಕಿನಲ್ಲಿ ಇರಲಿಲ್ಲ, ಬರೆದೇ ಇರಲಿಲ್ಲ. “ಇನ್ನೊಂದಿದೆ ಸರ್” ಎಂದೆ. ಎಂದು, ಓದುವ ದನಿಯಲ್ಲೇ ಹೇಳಿಬಿಟ್ಟೆ: ಹೆಂಗಸರಿಗೆ ಒಳಗೆ ಪ್ರವೇಶವಿಲ್ಲವೆಂಬ ನಿಯಮ ಹಾಗೆಯೇ ಇರತಕ್ಕದ್ದು. ಆದರೆ ಗುಡಿಸುವ ಹ್ಯಾನಾ ಕೆಲಸ ಮುಗಿದ ಮೇಲೆ ತೆರೆದ ಕಿಟಕಿಯ ಬಳಿ ನಿಂತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾಳೆ, ಹೊರಗೆ ಕೂತು ಕೈಗವಸು ಹೊಲಿಯುವ ಹೆಂಗಸರು ಕೇಳಿಸಿಕೊಳ್ಳುತ್ತಾರೆ, ಅವಳ ಪಾಲಿನ ಕೈಗವಸುಗಳನ್ನು ಉಳಿದವರು ಹಂಚಿಕೊಂಡು ಹೊಲಿದುಕೊಡುತ್ತಾರೆ. ಇದಕ್ಕೆ ಸಮಿತಿಯ ಆಕ್ಷೇಪವಿಲ್ಲ.

ಅವರು ನೆಟ್ಟಗೆ ಕೂತರು. ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿದರು.

“ಇನ್ನೊಮ್ಮೆ ಓದಿ.”

ಇಲ್ಲದ ಸಾಲನ್ನು ಇನ್ನೊಮ್ಮೆ ಓದುವುದೆಂದರೆ ಏನೆಂದು ನಿಮಗೆ ಹೇಗೆ ಹೇಳಲಿ. ಮೊದಲ ಸಲ ಯಾವ ಪದ ಹೇಳಿದ್ದೆ, ಯಾವುದು ಮೊದಲು, ಯಾವುದು ಆಮೇಲೆ — ಒಂದೂ ನೆನಪಿರಲಿಲ್ಲ. ಹಳ್ಳಿಯ ಹೆಂಗಸರು ಕೈಗವಸು ಹೊಲಿಯುತ್ತಿದ್ದರೆಂದು ಅವರೇ ನನಗೆ ಹಿಂದೆ ಹೇಳಿದ್ದು. ಉಳಿದದ್ದು ನನ್ನದು. ಹೇಗೋ ಹೇಳಿದೆ. ಅವರ ಗಲ್ಲದ ಮೇಲೆ ನೀರಿಳಿಯುತ್ತಿತ್ತು. “ಅಕ್ಷರ ಬದಲಿಸದೆ ಟೈಪ್ ಮಾಡಿ” ಎಂದರು. ಮಾಡಿದೆ.

ಉಳಿದದ್ದು ನನ್ನದು ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಅದು ಸುಂದರಿ ಚಿಕ್ಕಮ್ಮನದು. ನಮ್ಮ ಮನೆಯ ಜಗಲಿಯಲ್ಲಿ ಏಳೆಂಟು ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಏಳನೆಯ ತರಗತಿ ಓದಿದವಳು ಚಿಕ್ಕಮ್ಮ ಒಬ್ಬಳೇ. ಅವಳು ಕಟ್ಟಬೇಕಾಗಿರಲಿಲ್ಲ. ಪೇಪರು, ವಾರಪತ್ರಿಕೆಯ ಧಾರಾವಾಹಿ ಗಟ್ಟಿಯಾಗಿ ಓದುತ್ತಿದ್ದಳು. ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ, ಅವಳ ಕಂತೆಗೆ ಸೇರಿಸುತ್ತಿದ್ದರು. ಹೊಗೆಸೊಪ್ಪಿನ ಘಾಟಿಗೆ ಕೆಮ್ಮುತ್ತಾ ಓದುವ ಅವಳ ದನಿ ಕೇಳಿಯೇ ನಾನು ಅಕ್ಷರ ಕಲಿತದ್ದು. ಅದನ್ನು ಎತ್ತಿ, ಕಡಲಾಚೆಯ ಒಂದು ಕಿಟಕಿಗೆ ಅಂಟಿಸಿದೆ. ಗಾಬರಿಯಲ್ಲಿ ಮನುಷ್ಯರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡುತ್ತಾರಲ್ಲ, ಹಾಗೆ.

ಮಿಸ್ಟರ್ ಆರ್ಥರ್ ಅವರ ಪುಸ್ತಕ ಅಚ್ಚಾಗಿ ಬಂತು. ಯಾರೂ ಕಲ್ಲಿದ್ದಲಿನ ಬಗ್ಗೆ ಮಾತಾಡಲಿಲ್ಲ, ನಾಯಿಯ ಬಗ್ಗೆಯೂ ಇಲ್ಲ. ಎಲ್ಲರಿಗೂ ಹ್ಯಾನಾ ಬೇಕಾದಳು. ಆ ಹಳ್ಳಿಯವರು ಕಿಟಕಿಯ ಪಕ್ಕದಲ್ಲಿ ಅವಳ ಹೆಸರಿನ ಫಲಕ ಹಾಕಿಸಿದರು. ಆಮೇಲೊಂದು ಪತ್ರ ಬಂತು, ಮಾರ್ಗರೆಟ್ ಎಂಬ ಹೆಂಗಸಿನದು. ಎಂಬತ್ತರ ಹತ್ತಿರದವರು, ಹ್ಯಾನಾಳ ಮೊಮ್ಮಗಳ ಮಗಳೋ ಮೊಮ್ಮಗನ ಮಗಳೋ — ಅಂತೂ ಹ್ಯಾನಾ ಅವರಿಗೆ ಮುತ್ತಜ್ಜಿ. ಆ ಪತ್ರವನ್ನು ಮಿಸ್ಟರ್ ಆರ್ಥರ್‌ಗೆ ಓದಿ ಹೇಳಿದವಳು ಯಾರೆಂದು ನೀವೇ ಊಹಿಸಿ.

ನಮ್ಮ ಮನೆಯಲ್ಲಿ ಮುತ್ತಜ್ಜಿ ಓದುಬರಹ ಬಾರದವಳೆಂದೇ ಹೇಳುತ್ತಿದ್ದರು, ಎಂದಿತ್ತು ಪತ್ರದಲ್ಲಿ. ಚರ್ಚಿನ ಮದುವೆಯ ದಾಖಲೆಯಲ್ಲಿ ಅವಳ ಸಹಿಯ ಜಾಗದಲ್ಲಿ ಬರೀ ಒಂದು ಅಡ್ಡಗೀಟು ಇದೆ. ನನ್ನ ಅಮ್ಮ ಅದನ್ನು ನೆನೆದು ನಾಚಿಕೊಳ್ಳುತ್ತಿದ್ದಳು. ಆಮೇಲೆ ಯಾವಾಗಲೋ ಮುತ್ತಜ್ಜಿ ತಾನೇ ಕಲಿತಿರಬೇಕು. ಈಗ ನಾನು ದಿನಾ ಆ ಕಿಟಕಿಯ ಮುಂದೆಯೇ ನಡೆದುಹೋಗುತ್ತೇನೆ, ನಿಮಗೆ ಕೃತಜ್ಞಳು.

ಅಡ್ಡಗೀಟು ಎಂಬಲ್ಲಿ ನನ್ನ ದನಿ ನಿಂತಿತು. ಕೆಮ್ಮಿ ಮುಂದೆ ಓದಿದೆ. ಹ್ಯಾನಾ ಕಲಿತಿರಲಿಲ್ಲ — ಕಲಿತಿದ್ದಳೆಂದು ಹೇಳಲು ನನ್ನ ಬಾಯಿಯೊಂದನ್ನು ಬಿಟ್ಟು ಬೇರೆ ಸಾಕ್ಷಿಯೇ ಇಲ್ಲ. ಆವತ್ತಿನಿಂದ ಇದು ವೀಸಾದ ಭಯವಷ್ಟೇ ಅಲ್ಲ. ಯಾರೋ ಒಬ್ಬ ಮುದುಕಿ ನನ್ನ ಮಾತನ್ನು ಹಿಡಿದು ದಿನಾ ನಡೆಯುತ್ತಿದ್ದಾರೆ; ನಾನು ಕೈಬಿಟ್ಟರೆ ಅವರು ಬೀಳುತ್ತಾರೆ, ಬಿಡದಿದ್ದರೆ — ಬಿಡದೆ ಎಷ್ಟು ದಿನ. ರೇಸಿನ ಸುದ್ದಿಗೆ ಮಸಿ ಬಳಿದ ಆ ಕಾರ್ಯದರ್ಶಿ ನನಗಿಂತ ಎಷ್ಟೋ ಮೇಲು. ಇಲ್ಲಿ ಏನೋ ಮುಚ್ಚಿದೆ ಎಂದು ನೋಡಿದವರಿಗೆಲ್ಲ ಕಾಣುತ್ತಿತ್ತು. ನಾನು ಮುಚ್ಚಿದ್ದು ಚಂದ ಕಾಣುತ್ತದೆ.

ಮೊನ್ನೆ ಬುಧವಾರ ಮಿಸ್ಟರ್ ಆರ್ಥರ್ ಖುಷಿಯಲ್ಲಿದ್ದರು. ಇಂಗ್ಲೆಂಡಿನ ಒಂದು ದಾಖಲೆ ಸಂಗ್ರಹಾಲಯಕ್ಕೆ ನಡಾವಳಿ ಪುಸ್ತಕವನ್ನು ಕೊಡುತ್ತಿದ್ದಾರೆ. ಅಲ್ಲಿಂದ ಒಬ್ಬರು ಭಾನುವಾರ ಬಂದು, ಒಂದೊಂದು ಹಾಳೆಯ ಫೋಟೊ ತೆಗೆದು, ಒಯ್ಯುತ್ತಾರೆ. “ಹ್ಯಾನಾಳ ಹಾಳೆಯನ್ನು ಮೊದಲು ತೋರಿಸಬೇಕಂತೆ. ಗುರುತು ಇಟ್ಟಿರಿ ವಾರಿಜಾ.” ಆಯಿತು ಸರ್ ಎಂದೆ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ.

ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅಲ್ಲಿ ಕೂತಲ್ಲೇ ಹೊಸ ಸುಳ್ಳುಗಳು ಸಾಲಾಗಿ ಬಂದವು. ಹುಳ ತಿಂದಿದೆ ಎನ್ನಬಹುದು. ಮನೆಗೆಲಸಕ್ಕೆ ಬರುವವಳು ಹರಿದಿರಬಹುದು ಎನ್ನಬಹುದು. ಹೌದು, ಅದನ್ನೂ ಯೋಚಿಸಿದೆ — ಪೊರಕೆ ಹಿಡಿದ ಇನ್ನೊಬ್ಬಳ ತಲೆಗೆ ಕಟ್ಟುವುದನ್ನು. ಆ ಕ್ಷಣ ನನಗೆ ನನ್ನ ಮೇಲೆಯೇ ಹೆದರಿಕೆ ಹುಟ್ಟಿತು. ನೀರಿಗಿಂತ, ವೀಸಾಕ್ಕಿಂತ, ಭಾನುವಾರಕ್ಕಿಂತ ಹೆಚ್ಚು.

ನಿನ್ನೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಈಗ ಕಿವಿ ಮಂದ, ಉಸಿರು ಕಡಿಮೆ, ತಲೆ ಮಾತ್ರ ಚುರುಕು. ಎಲ್ಲ ಹೇಳಿದೆ, ತುಳುವಿನಲ್ಲಿ, ಗಟ್ಟಿಯಾಗಿ, ಪಕ್ಕದ ಮನೆಯವರಿಗೆ ಕೇಳಿದರೂ ಕೇಳಲಿ ಎಂದು. ಅವಳು ಬಯ್ಯುತ್ತಾಳೆ, ಇಲ್ಲವೇ ನಗುತ್ತಾಳೆ ಅಂದುಕೊಂಡಿದ್ದೆ. ನನ್ನದನ್ನು ಇಂಗ್ಲಿಷ್‌ನವಳಿಗೆ ಕೊಟ್ಟೆಯಾ ಎಂದು ಕೇಳಿದ್ದರೆ ಅದಕ್ಕೆ ನನ್ನ ಬಳಿ ಅಳು ತಯಾರಿತ್ತು. ಅವಳು ಕೇಳಿದ್ದು ಬೇರೆ.

“ಅಲ್ಲ ಮಗಾ, ಓದಲಿಕ್ಕೆ ಬಾರದವಳು ಅಷ್ಟು ವರ್ಷ ಪೇಪರಿನ ಕೋಣೆ ಗುಡಿಸಿದಳಲ್ಲ. ಅದನ್ನು ಯಾಕೆ ಹೇಳಲಿಲ್ಲ ನೀನು? ಅದು ಸಾಲದಾಯಿತಾ?”

ನಮ್ಮ ಜಗಲಿಯ ಏಳೆಂಟು ಹೆಂಗಸರಲ್ಲಿ ಓದಿದವಳು ಒಬ್ಬಳು. ಉಳಿದವರು ಅವಳ ಪಾಲನ್ನೂ ಸೇರಿಸಿ ಕಟ್ಟಿದರು, ಅವರ ಹೆಸರು ನನಗೆ ಸರಿಯಾಗಿ ನೆನಪೂ ಇಲ್ಲ. ಹ್ಯಾನಾ ಅವರ ಪೈಕಿಯವಳು. ಅವಳಿಗೆ ಅಕ್ಷರ ತೊಡಿಸಿ ಚಂದ ಮಾಡಿದೆ, ಅವಳನ್ನೇ ಅಳಿಸಿದೆ.

ಸ್ವಲ್ಪ ಹೊತ್ತಿನ ಹಿಂದೆ, ಇಷ್ಟು ಬರೆದ ಮೇಲೆ, ರಿಫಾಕ್ಕೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಬರುತ್ತೇನೆ ಸರ್, ಓದಿ ಹೇಳಬೇಕಾದದ್ದು ಒಂದಿದೆ ಎಂದೆ. ಅವರ ದನಿ ಅರಳಿತು.

“ಹ್ಯಾನಾಳ ಬಗ್ಗೆ ಇನ್ನೇನಾದರೂ ಸಿಕ್ಕಿತೇ?”

“ಇಲ್ಲ ಸರ್” ಎಂದೆ. ಅಷ್ಟಕ್ಕೇ ಫೋನ್ ಇಟ್ಟೆ. ಹೇಳುವುದಾದರೆ ಎದುರಿಗೆ ಕೂತು ಹೇಳಬೇಕು, ಸುಳ್ಳು ಓದಿದ ಅದೇ ಕುರ್ಚಿಯಲ್ಲಿ.

ಡಬ್ಬಿ ಮೇಜಿನ ಮೇಲಿದೆ. ನಾಳೆ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತೇನೆ. ಸದಾನಂದರಿಗೆ ಮಧ್ಯಾಹ್ನವೇ ಹೇಳಿದೆ, ಅವರು ಅನ್ನ ಕಲಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ, “ಕಳಿಸಿದರೆ?” ಎಂದರು. ಕಳಿಸಿದರೆ ಹೋಗುವುದು, ಬೇರೇನಿದೆ. ಹೆದರಿಕೆ ಕಡಿಮೆಯಾಗಿದೆ ಎಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಮಿಸ್ಟರ್ ಆರ್ಥರ್ ಅವರ ಮುಖ ನನಗೆ ಕಾಣುತ್ತದೆ, ನನ್ನ ಮುಖ ಅವರಿಗೆ ಕಾಣುವುದಿಲ್ಲ. ಆ ಅನುಕೂಲವನ್ನು ಆರು ವರ್ಷ ಉಂಡಿದ್ದೇನೆ.

ಮಾರ್ಗರೆಟ್ ಅವರಿಗೆ ಬರೆಯುವ ಪತ್ರದ ಮೊದಲ ಸಾಲು ಈಗ ಬಂತು: ನಿಮ್ಮ ಮುತ್ತಜ್ಜಿ ಓದಿದಳೆಂದು ಬರೆದವಳು ನಾನು, ಅದು ನಿಜವಲ್ಲ. ಅದರ ಕೆಳಗೆ, ಹಾಳಾಗದೆ ಉಳಿದ ಹಾಳೆಯಲ್ಲಿ ಅವಳ ಬಗ್ಗೆ ಇರುವ ಆ ಎರಡು ಸಾಲನ್ನು ಒಂದು ಅಕ್ಷರ ಕೂಡಿಸದೆ, ಒಂದು ಅಕ್ಷರ ಬಿಡದೆ ಬರೆಯುತ್ತೇನೆ.

ಕೋಣೆಯನ್ನು ಹ್ಯಾನಾ ಚೊಕ್ಕವಾಗಿ ಇಟ್ಟಿದ್ದಾಳೆ. ಅವಳ ಪೊರಕೆ ಸವೆದಿದೆ, ಹೊಸದು ಕೊಡಿಸತಕ್ಕದ್ದು.